ವರದೆಯ ಆಚೆ ಹುಟ್ಟಿದ ಮಕ್ಕಳು

1956ರ ನವೆಂಬರ್ 1ಕ್ಕಿಂತ ಮುಂಚೆ ಸೊರಬದ ಹೆಣ್ಣುಮಗಳನ್ನು ಬನವಾಸಿಗೆ ಮದುವೆ ಮಾಡಿಕೊಟ್ಟರೆ ದಿಬ್ಬಣದ ಗಾಡಿ ಒಂದು ರಾಜ್ಯ ಬಿಟ್ಟು ಇನ್ನೊಂದಕ್ಕೆ ಹೋಗಬೇಕಿತ್ತು. ಸೊರಬ ಮೈಸೂರಿನ ಶಿವಮೊಗ್ಗ ಜಿಲ್ಲೆಗೆ ಸೇರಿದ್ದು, ಬನವಾಸಿ ಮುಂಬಯಿಯ ಉತ್ತರ ಕನ್ನಡ ಜಿಲ್ಲೆಗೆ. ಆನವಟ್ಟಿಯಿಂದ ಹಾನಗಲ್ಲಿಗೆ ಹೋದರೂ, ಶಿಕಾರಿಪುರದಿಂದ ಹಿರೇಕೆರೂರಿಗೆ ಹೋದರೂ ಹಾಗೆಯೇ. ಅತ್ತ ಧಾರವಾಡ ಜಿಲ್ಲೆ, ಮುಂಬಯಿ ಸರ್ಕಾರ. ಸ್ವಾತಂತ್ರ್ಯಕ್ಕೆ ಮುಂಚಿನ ಮಾತಾದರೆ ಆ ಗಾಡಿ ದಾಟುತ್ತಿದ್ದ ಗೆರೆ ಇನ್ನೂ ದೊಡ್ಡದು. ಒಂದು ಕಡೆ ಬ್ರಿಟಿಷ್ ಇಂಡಿಯಾ, ಇನ್ನೊಂದು ಕಡೆ ಮೈಸೂರು ಮಹಾರಾಜರ ಸೀಮೆ. ಬ್ರಿಟಿಷ್ ಕಾನೂನಿನ ಲೆಕ್ಕದಲ್ಲಿ ಮೈಸೂರು ಇಂಗ್ಲೆಂಡಿನ ದೊರೆಯ ರಾಜ್ಯಕ್ಕೆ ಸೇರಿದ ನೆಲವೇ ಅಲ್ಲ; ಅವನ ರಕ್ಷಣೆಯಲ್ಲಿರುವ ಪರಸೀಮೆ.

ಹೊರದೇಶದಲ್ಲಿ ಹುಟ್ಟಿದ ಮಗುವಿಗೆ ತಂದೆತಾಯಿಯ ಪೌರತ್ವ ಹೇಗೆ ಬರುತ್ತದೆ ಎಂದು ಕೇಳಿದರೆ ಇವತ್ತು ನಮಗೆ ಕ್ಯಾಲಿಫೋರ್ನಿಯಾ, ದುಬೈ, ಸಿಡ್ನಿ ನೆನಪಿಗೆ ಬರುತ್ತವೆ. ಶಿಕಾರಿಪುರ, ಸೊರಬಗಳಿಗೆ ಈ ಪ್ರಶ್ನೆ ವಿಮಾನಗಳಿಗಿಂತ ಎಷ್ಟೋ ಮೊದಲೇ ಬಂದಿತ್ತು. ಬೆಳಿಗ್ಗೆ ಗಾಡಿ ಹೂಡಿದರೆ ಮಧ್ಯಾಹ್ನದ ಊಟಕ್ಕೆ ತಲುಪುವಷ್ಟು ಹತ್ತಿರದಲ್ಲೇ ಇಲ್ಲಿನವರಿಗೆ ಪರರಾಜ್ಯವಿತ್ತು, ಅಲ್ಲಿ ಬೀಗರಿದ್ದರು, ಅಲ್ಲಿ ಮೊಮ್ಮಕ್ಕಳು ಹುಟ್ಟುತ್ತಿದ್ದರು.

ಆ ಗೆರೆ ಎಳೆದದ್ದು 1799ರಲ್ಲಿ. ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಮಡಿದ ಮೇಲೆ ರಾಜ್ಯ ಹಂಚುವಾಗ ನಗರ ಸೀಮೆ ಮೈಸೂರಿನ ಒಡೆಯರಿಗೆ ಬಂತು. ಸೋದೆ ಸೀಮೆಯೂ ಕೆನರಾವೂ ಈಸ್ಟ್ ಇಂಡಿಯಾ ಕಂಪನಿಯ ಪಾಲಾದವು. 1801ರಲ್ಲಿ ಕಂಪನಿಯ ಪರವಾಗಿ ಸೀಮೆ ನೋಡಲು ಬಂದ ಫ್ರಾನ್ಸಿಸ್ ಬುಕಾನನ್ ಬನವಾಸಿ ನೋಡಿಕೊಂಡು ಚಂದ್ರಗುತ್ತಿಯ ಕಡೆ ಹೊರಟಾಗ ಕಂಪನಿಯ ನೆಲದಿಂದ ಮೈಸೂರು ರಾಜರ ನೆಲಕ್ಕೆ ಕಾಲಿಟ್ಟ. 1818ರಲ್ಲಿ ಪೇಶ್ವೆಯರು ಸೋತು ಹಾನಗಲ್, ಹಿರೇಕೆರೂರು ಸೀಮೆಗಳೂ ಕಂಪನಿಯ ಕೈಸೇರಿದವು. ಹೀಗೆ ಸೊರಬ, ಶಿಕಾರಿಪುರ ಎಂಬ ಈ ಎರಡು ತಾಲ್ಲೂಕುಗಳ ಬಡಗಣ ಅಂಚು ಉದ್ದಕ್ಕೂ ಎರಡು ಪ್ರಭುತ್ವಗಳ ಗಡಿಯಾಯಿತು. 1831ರಿಂದ 1881ರವರೆಗೆ ಮೈಸೂರನ್ನು ಬ್ರಿಟಿಷ್ ಕಮಿಷನರುಗಳೇ ಆಳಿದರು, ಆಗಲೂ ಇದು ಬ್ರಿಟಿಷ್ ನೆಲವಾಗಲಿಲ್ಲ.

ಇಲ್ಲಿನ ಹಳೆಯ ಚರಿತ್ರೆ ಬಲ್ಲವರಿಗೆ ಈ ಗೆರೆ ನೋವು ತರುವಂಥದ್ದು. ಕದಂಬರ ಕಥೆ ಹೇಳುವ ಕಂಬ ನಿಂತಿರುವುದು ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ, ಅವರ ರಾಜಧಾನಿ ಇದ್ದದ್ದು ಬನವಾಸಿಯಲ್ಲಿ. ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಬನವಾಸಿ ಹನ್ನೆರಡು ಸಾವಿರ ಎಂಬ ನಾಡಿಗೆ ಬಳ್ಳಿಗಾವೆ ರಾಜಧಾನಿ. ಬಳ್ಳಿಗಾವೆಯ ಕೋಡಿಯಮಠದ 1162ರ ಶಾಸನ ಆ ಮಠದಲ್ಲಿ ದೀನರಿಗೂ ರೋಗಿಗಳಿಗೂ ನಾನಾ ದೇಶಗಳಿಂದ ಬಂದ ಭಿಕ್ಷುಕರಿಗೂ ಅನ್ನ ಸಿಗುತ್ತಿತ್ತೆಂದು ಹೇಳುತ್ತದೆ. ಅಂಥ ಒಂದೇ ನಾಡನ್ನು ಸೀಳಿ, ಅತ್ತೆ ಮನೆ ಒಂದು ದೊರೆತನದಲ್ಲಿ, ತವರು ಇನ್ನೊಂದು ದೊರೆತನದಲ್ಲಿ ಎಂದು ಮಾಡಿದ್ದು ಶ್ರೀರಂಗಪಟ್ಟಣದ ಸೋಲು.

ಆದರೆ ಜನ ಗೆರೆಗೆ ಅಂಜಿ ಸಂಬಂಧ ಬಿಡಲಿಲ್ಲ. ಸಿದ್ದಾಪುರ, ಶಿರಸಿ, ಸಾಗರ, ಸೊರಬಗಳ ಹವ್ಯಕರ ಮನೆಗಳಲ್ಲಿ, ದೀವರ ಮನೆಗಳಲ್ಲಿ, ಹಾನಗಲ್, ಆನವಟ್ಟಿ, ಶಿರಾಳಕೊಪ್ಪಗಳ ಲಿಂಗಾಯತರ, ಮುಸಲ್ಮಾನರ ಮನೆಗಳಲ್ಲಿ ಕೊಟ್ಟು ತರುವುದು ನಡೆದೇ ಇತ್ತು. ಕೊಟ್ಟು ತರುವಲ್ಲಿ ಹೆರಿಗೆಯ ಲೆಕ್ಕವೂ ಬರುತ್ತದೆ. ಚೊಚ್ಚಲು ಹೆರಿಗೆ ತವರಿನಲ್ಲಿ ಆಗಬೇಕು, ಬಾಣಂತನ ತಾಯಿ ಮಾಡಬೇಕು. ಹಾಗಾಗಿ ಬನವಾಸಿಯ ಸೊಸೆ ಸೊರಬಕ್ಕೆ ಬಂದು ಹೆರುತ್ತಿದ್ದಳು, ಸೊರಬದ ಸೊಸೆ ಬನವಾಸಿಗೆ ಹೋಗಿ ಹೆರುತ್ತಿದ್ದಳು.

ಈಗ ಆ ಕಾಲದ ಕಾನೂನು ನೋಡಿ. ಬ್ರಿಟಿಷ್ ಸಾಮ್ರಾಜ್ಯದ ರಾಷ್ಟ್ರೀಯತೆಯ ಕಾಯ್ದೆ 1914ರದು. ದೊರೆಯ ರಾಜ್ಯದೊಳಗೆ ಹುಟ್ಟಿದವರು ಬ್ರಿಟಿಷ್ ಪ್ರಜೆಗಳು. ಹೊರಗೆ ಹುಟ್ಟಿದರೆ ಅಪ್ಪ ಬ್ರಿಟಿಷ್ ಪ್ರಜೆಯಾಗಿರಬೇಕು, ಅದೂ ಆ ರಾಜ್ಯದೊಳಗೇ ಹುಟ್ಟಿದವನೋ ಪ್ರಜೆಯೆಂದು ಸರ್ಕಾರದ ಪ್ರಮಾಣಪತ್ರ ಪಡೆದವನೋ ಆಗಿರಬೇಕು. ಅಮ್ಮ ಎಲ್ಲಿಯವಳಾದರೇನು, ಲೆಕ್ಕಕ್ಕಿಲ್ಲ. ಬ್ರಿಟಿಷ್ ಪ್ರಜೆಯನ್ನು ಮದುವೆಯಾದ ಹೆಣ್ಣಿಗೆ ಗಂಡನ ಸ್ಥಾನವೇ ಬರುತ್ತಿತ್ತು; ತನ್ನದೆಂಬುದೊಂದು ಅವಳಿಗೆ ಇರಲಿಲ್ಲ. ಈ ಕಾನೂನನ್ನು ನಮ್ಮ ಗಡಿಗೆ ಹಿಡಿದರೆ ಹೀಗಾಗುತ್ತದೆ: ಸೊರಬದ ಗಂಡಿಗೆ ಬನವಾಸಿಯ ಹೆಣ್ಣು. ಮೊದಲ ಮಗು ಬನವಾಸಿಯಲ್ಲಿ ತಾಯಿಯ ತವರಲ್ಲಿ ಹುಟ್ಟಿತು, ಹುಟ್ಟಿದ ನೆಲದಿಂದಾಗಿ ಅದು ಬ್ರಿಟಿಷ್ ಪ್ರಜೆ. ಎರಡನೆಯದು ಸೊರಬದ ಮನೆಯಲ್ಲೇ ಹುಟ್ಟಿತು, ಅದು ಮೈಸೂರಿನ ಪ್ರಜೆ. ಒಂದೇ ತೊಟ್ಟಿಲಲ್ಲಿ ಮಲಗಿದ ಅಣ್ಣ ತಮ್ಮಂದಿರಿಗೆ ಎರಡು ಗುರುತು.

ಊರಿನಲ್ಲಿ ಇದನ್ನು ಯಾರು ಕೇಳುತ್ತಾರೆ? ಪಟೇಲರಿಗಾಗಲಿ ಶ್ಯಾನುಭೋಗರಿಗಾಗಲಿ ಕಂದಾಯ ಬಂದರೆ ಸಾಕಿತ್ತು. ಹಡಗು ಹತ್ತುವ ಕಾಲ ಬಂದಾಗ ಮಾತ್ರ ಇದು ಕಾಗದದ ಮೇಲೆ ಏಳುತ್ತಿತ್ತು. ದೇಶೀಯ ಸಂಸ್ಥಾನದವರಿಗೂ ಪಾಸ್‌ಪೋರ್ಟ್ ಕೊಡುತ್ತಿದ್ದದ್ದು ಬ್ರಿಟಿಷ್ ಇಂಡಿಯಾ ಸರ್ಕಾರವೇ. ಆದರೆ ಅದರಲ್ಲಿ ಬ್ರಿಟಿಷ್ ಪ್ರಜೆ ಎಂದು ಬರೆಯುತ್ತಿರಲಿಲ್ಲ, ಬ್ರಿಟಿಷ್ ರಕ್ಷಣೆಗೆ ಒಳಪಟ್ಟ ವ್ಯಕ್ತಿ ಎಂದು ಬರೆಯುತ್ತಿದ್ದರು. ಹಾನಗಲ್ಲಿನವನಿಗೂ ಆನವಟ್ಟಿಯವನಿಗೂ ಪರದೇಶದ ಬಂದರಿನಲ್ಲಿ ಎರಡು ಬೇರೆ ಹೆಸರು.

1922ರಲ್ಲಿ ಆ ಕಾಯ್ದೆಗೆ ಒಂದು ತಿದ್ದುಪಡಿ ಬಂತು. ಹೊರದೇಶದಲ್ಲಿ ತಲೆಮಾರುಗಟ್ಟಲೆ ನೆಲೆಸಿದವರ ಮಕ್ಕಳೂ ಬ್ರಿಟಿಷ್ ಪ್ರಜೆಗಳಾಗಿ ಉಳಿಯಬಹುದು, ಆದರೆ ಮಗು ಹುಟ್ಟಿದ ಒಂದು ವರ್ಷದೊಳಗೆ ಬ್ರಿಟಿಷ್ ಕಾನ್ಸುಲೇಟಿನಲ್ಲಿ ಜನನ ನೋಂದಾಯಿಸಬೇಕು. ಓದುಗರು ಈ ಒಂದು ವರ್ಷವನ್ನು ನೆನಪಿಟ್ಟುಕೊಳ್ಳಬೇಕು. ಬ್ರಿಟಿಷರು ಹೋದ ಮೇಲೂ ಅದು ನಮ್ಮ ಕಾನೂನಿನಲ್ಲಿ ಉಳಿಯಿತು, ಉಳಿದು ಬೆಳೆಯಿತು.

ಕಾನೂನು ಸೊರಬ, ಶಿಕಾರಿಪುರದವರನ್ನು ಮಹಾರಾಜರ ಪ್ರಜೆಗಳೆಂದು ಕರೆಯುತ್ತಿದ್ದಾಗ ಇಲ್ಲಿನ ಜನ ತಮ್ಮನ್ನು ಏನೆಂದು ಕರೆದುಕೊಂಡರು? ಅದಕ್ಕೆ ಉತ್ತರ ಶಿಕಾರಿಪುರ ತಾಲ್ಲೂಕಿನ ಈಸೂರಿನಲ್ಲಿದೆ.

1938ರ ಏಪ್ರಿಲ್‌ನಲ್ಲಿ ಶಿವಪುರದ ಧ್ವಜ ಸತ್ಯಾಗ್ರಹ, ಆಮೇಲೆ ವಿದುರಾಶ್ವತ್ಥದ ಗೋಲೀಬಾರು ಆದವು. ಸರ್ದಾರ್ ಪಟೇಲ್ ಮತ್ತು ದಿವಾನ್ ಮಿರ್ಜಾ ಇಸ್ಮಾಯಿಲ್ ನಡುವೆ ಒಪ್ಪಂದವಾಗಿ ಕಾಂಗ್ರೆಸ್ಸಿನ ಬಾವುಟವನ್ನು ಸಂಸ್ಥಾನದ ಬಾವುಟದ ಜೊತೆಗೆ ಹಾರಿಸಬಹುದೆಂದಾಯಿತು. ಮೈಸೂರಿನವರು ಒಂದೇ ಹೊತ್ತಿಗೆ ಎರಡು ಕಡೆಗೆ ಸೇರಿದವರೆಂದು ಸರ್ಕಾರವೇ ಒಪ್ಪಿಕೊಂಡಂತಾಯಿತು. ನಾಲ್ಕು ವರ್ಷದ ಮೇಲೆ ಈಸೂರಿನವರಿಗೆ ಆ ಒಪ್ಪಂದ ಸಾಲದಾಯಿತು. 1942ರಲ್ಲಿ ಗಾಂಧೀಜಿ ಬ್ರಿಟಿಷರಿಗೆ ದೇಶ ಬಿಟ್ಟು ತೊಲಗಿ ಎಂದರು. ಈಸೂರಿನ ಮೇಲೆ ಬ್ರಿಟಿಷರ ನೇರ ಆಳ್ವಿಕೆ ಇರಲಿಲ್ಲ. ಆದರೂ ಆ ಕರೆ ತಮಗೇ ಬಂದದ್ದೆಂದು ಆ ಊರಿನವರು ತಿಳಿದರು. ಕಂದಾಯ ಕೊಡುವುದಿಲ್ಲ ಎಂದರು. ವೀರಭದ್ರ ದೇವರ ಗುಡಿಯ ಮೇಲೆ ತ್ರಿವರ್ಣ ಧ್ವಜ ಏರಿಸಿದರು. ನಮ್ಮ ಊರು ಸ್ವತಂತ್ರ ಎಂದು ಸಾರಿ, ಎಳೆಯ ಹುಡುಗರನ್ನೇ ತಮ್ಮ ಸರ್ಕಾರದ ಅಮಲ್ದಾರನನ್ನಾಗಿ, ಸಬ್ ಇನ್‌ಸ್ಪೆಕ್ಟರನನ್ನಾಗಿ ಮಾಡಿಕೊಂಡರು.

ಸೆಪ್ಟೆಂಬರ್ ಕೊನೆಗೆ ಅಮಲ್ದಾರ ಚೆನ್ನಕೃಷ್ಣಪ್ಪ, ಸಬ್ ಇನ್‌ಸ್ಪೆಕ್ಟರ್ ಕೆಂಚೇಗೌಡ ಪೊಲೀಸರೊಡನೆ ಊರಿಗೆ ಬಂದರು. ಲಾಠಿ ಬೀಸಿತು, ಗುಂಡು ಹಾರಿತು, ರೊಚ್ಚಿಗೆದ್ದ ಜನರ ಕೈಯಲ್ಲಿ ಇಬ್ಬರು ಅಧಿಕಾರಿಗಳೂ ಸತ್ತರು. ಆಮೇಲೆ ಸರ್ಕಾರದ ಸೇಡು ಊರಿನ ಮೇಲೆ ಬಿತ್ತು. ಮನೆಗಳು ಲೂಟಿಯಾದವು, ಜನ ಕಾಡು ಹೊಕ್ಕರು. ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಹಾಲಪ್ಪ, ಶಂಕರಪ್ಪ ಎಂಬ ಐವರನ್ನು 1943ರ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಸೆರೆಮನೆಯಲ್ಲಿ ಗಲ್ಲಿಗೇರಿಸಿದರು. ಶಿಕ್ಷೆಗೊಳಗಾದವರಲ್ಲಿ ಹೆಂಗಸರೂ ಇದ್ದರು. ಶಿಕ್ಷೆ ಕೊಟ್ಟದ್ದು ಮೈಸೂರಿನ ನ್ಯಾಯಾಲಯ, ಅದನ್ನು ಜಾರಿಗೆ ತಂದದ್ದು ಮೈಸೂರು ಸರ್ಕಾರ. ಇಬ್ಬರು ನೌಕರರ ಸಾವನ್ನು ನಾನು ಹಗುರ ಮಾಡುವುದಿಲ್ಲ, ಅವರೂ ಈ ನಾಡಿನ ಮಕ್ಕಳೇ. ಆದರೆ ಭಾರತದ ಪೌರತ್ವ ಎಂಬ ಮಾತು ಯಾವ ಕಾನೂನಿನ ಪುಸ್ತಕದಲ್ಲೂ ಇಲ್ಲದ ಕಾಲಕ್ಕೆ ಅದನ್ನು ತಮ್ಮದೆಂದು ಹಿಡಿದುಕೊಂಡವರಲ್ಲಿ ಈಸೂರಿನವರಿದ್ದರು. ಅದಕ್ಕೆ ಐದು ಜೀವ ತೆತ್ತರು. ಮುಂದೆ ಬರುವ ಕಾನೂನುಗಳನ್ನು ಈ ಎರಡು ತಾಲ್ಲೂಕುಗಳ ಕಡೆಯಿಂದ ಓದುವಾಗ ಅದನ್ನು ಮರೆಯಬಾರದು.

1947ರ ಆಗಸ್ಟ್ 9ರಂದು ಜಯಚಾಮರಾಜ ಒಡೆಯರು ಭಾರತಕ್ಕೆ ಸೇರುವ ಪತ್ರಕ್ಕೆ ಸಹಿ ಹಾಕಿದರು. ಜವಾಬ್ದಾರಿ ಸರ್ಕಾರಕ್ಕಾಗಿ ಮೈಸೂರು ಚಲೋ ನಡೆದು ಅಕ್ಟೋಬರ್ ಕೊನೆಗೆ ಕೆ.ಸಿ. ರೆಡ್ಡಿಯವರ ಮಂತ್ರಿಮಂಡಲ ಬಂತು. 1949ರ ನವೆಂಬರ್ 25ರಂದು ಭಾರತದ ಸಂವಿಧಾನವೇ ಮೈಸೂರಿಗೂ ಸಂವಿಧಾನ ಎಂದು ಮಹಾರಾಜರು ಘೋಷಿಸಿದರು. ಮರುದಿನವೇ ಸಂವಿಧಾನ ಅಂಗೀಕಾರವಾಯಿತು. ಅದರ ಬಹುಪಾಲು ಜಾರಿಗೆ ಬಂದದ್ದು 1950ರ ಜನವರಿ 26ಕ್ಕೆ. ಆದರೆ ಪೌರತ್ವದ 5ರಿಂದ 9ರವರೆಗಿನ ವಿಧಿಗಳು ಅಂಗೀಕಾರವಾದ ದಿನವೇ ಜಾರಿಯಾದವು. ಗಣರಾಜ್ಯ ಹುಟ್ಟುವ ಎರಡು ತಿಂಗಳ ಮುಂಚೆ ಅದರ ಪ್ರಜೆಗಳು ಹುಟ್ಟಿದರು.

ಆ ವಿಧಿಗಳು ಸಂವಿಧಾನ ಸಭೆಯನ್ನು ಬಹಳ ಕಾಡಿದವು. 1949ರ ಆಗಸ್ಟ್ 10ರಿಂದ 12ರವರೆಗೆ ಚರ್ಚೆ ನಡೆಯಿತು. ಕರಡು ಸಮಿತಿಗೆ ಇಷ್ಟು ತಲೆನೋವು ತಂದ ವಿಧಿಗಳು ಬಹಳ ಇಲ್ಲ ಎಂಬ ಅರ್ಥದಲ್ಲಿ ಅಂಬೇಡ್ಕರ್ ಸಭೆಯ ಮುಂದೆ ಹೇಳಿಕೊಂಡರು. ದೇಶ ಒಡೆದಿತ್ತು, ಲಕ್ಷಾಂತರ ಜನ ಗಡಿ ದಾಟುತ್ತಲೇ ಇದ್ದರು, ಯಾರು ನಮ್ಮವರು ಎಂಬುದನ್ನು ಆ ಗಾಯದ ನಡುವೆಯೇ ಬರೆಯಬೇಕಿತ್ತು. ಅಷ್ಟಾಗಿಯೂ ಅವರು ಬರೆದದ್ದು ದೊಡ್ಡ ಮನಸ್ಸಿನದು. 5ನೆಯ ವಿಧಿಯ ಪ್ರಕಾರ ಭಾರತದಲ್ಲಿ ನೆಲೆಸಿದವನು ಇಲ್ಲಿ ಹುಟ್ಟಿದ್ದರೆ ಪೌರ. ಇಲ್ಲಿ ಹುಟ್ಟದಿದ್ದರೂ ಅವನ ತಂದೆ ತಾಯಿಯರಲ್ಲಿ ಒಬ್ಬರು ಇಲ್ಲಿ ಹುಟ್ಟಿದ್ದರೆ ಪೌರ. ಒಬ್ಬರು ಎಂದರೆ ಯಾರಾದರೂ ಒಬ್ಬರು. ಬ್ರಿಟಿಷರ ಕಾಯ್ದೆ ಲೆಕ್ಕಕ್ಕೆ ತೆಗೆದುಕೊಳ್ಳದ ತಾಯಿಯನ್ನು ನಮ್ಮ ಸಂವಿಧಾನ ಮೊದಲ ಸಾಲಿನಲ್ಲೇ ಲೆಕ್ಕಕ್ಕೆ ತೆಗೆದುಕೊಂಡಿತು.

8ನೆಯ ವಿಧಿ ಅದಕ್ಕಿಂತಲೂ ದೊಡ್ಡದು. ಹೊರದೇಶದಲ್ಲಿ ನೆಲೆಸಿದ ಭಾರತೀಯ ಮೂಲದವರು ಅಲ್ಲಿನ ಭಾರತೀಯ ರಾಯಭಾರಿ ಅಥವಾ ಕಾನ್ಸುಲರ ಬಳಿ ನೋಂದಾಯಿಸಿಕೊಂಡರೆ ಪೌರರಾಗಬಹುದು. ಅದಕ್ಕೆ ಅವರೇ ಇಲ್ಲಿ ಹುಟ್ಟಿರಬೇಕಿಲ್ಲ. ಅಪ್ಪ, ಅಮ್ಮ, ಇಲ್ಲವೇ ಅಜ್ಜ ಅಜ್ಜಿಯರಲ್ಲಿ ಒಬ್ಬರು ಹುಟ್ಟಿದ್ದರೂ ಸಾಕು. ಎಲ್ಲಿ ಹುಟ್ಟಿರಬೇಕು? 1935ರ ಭಾರತ ಸರ್ಕಾರದ ಕಾಯ್ದೆ ಹೇಳುವ ಇಂಡಿಯಾದಲ್ಲಿ. ಆ ಕಾಯ್ದೆಯ ಇಂಡಿಯಾದೊಳಗೆ ಬ್ರಿಟಿಷ್ ಪ್ರಾಂತಗಳೂ ಬರುತ್ತವೆ, ದೇಶೀಯ ಸಂಸ್ಥಾನಗಳೂ ಬರುತ್ತವೆ. ಹೀಗಾಗಿ ಅಜ್ಜಿ ಹುಟ್ಟಿದ್ದು ಹಾನಗಲ್ಲಿನಲ್ಲೋ ಶಿಕಾರಿಪುರದಲ್ಲೋ ಎಂಬ ಭೇದ ಅಲ್ಲಿಗೆ ಮುಗಿಯಿತು. ಕೊಲಂಬೊದಲ್ಲೋ ಸಿಂಗಪುರದಲ್ಲೋ ಹುಟ್ಟಿ ಬೆಳೆದ ಮೊಮ್ಮಗನಿಗೆ ಬಳ್ಳಿಗಾವೆಯ ಅಜ್ಜಿಯೊಬ್ಬಳ ಹುಟ್ಟೂರಿನಿಂದ ಭಾರತದ ಪೌರತ್ವ ಸಿಗಬಹುದಿತ್ತು. ನಮ್ಮ ದೇಶದ ಕಾನೂನಿನಲ್ಲಿ ಹೆಣ್ಣಿನ ಹುಟ್ಟೂರಿಗೆ ಇಷ್ಟು ಬೆಲೆ ಸಿಕ್ಕ ಜಾಗಗಳನ್ನು ಹುಡುಕಿದರೆ ಕೆಲವೇ ಸಿಗುತ್ತವೆ.

ಈ ಬಾಗಿಲು ಬೇಕಾದವರು ಕಡಿಮೆಯಿರಲಿಲ್ಲ. ಸಿಲೋನ್ 1948ರಲ್ಲಿ ತನ್ನ ಪೌರತ್ವ ಕಾಯ್ದೆ ಮಾಡಿ, ತಲೆಮಾರುಗಳಿಂದ ಚಹಾ ತೋಟಗಳಲ್ಲಿ ದುಡಿಯುತ್ತಿದ್ದ ಭಾರತೀಯ ಮೂಲದ ಲಕ್ಷಾಂತರ ಜನರನ್ನು ಯಾವ ದೇಶಕ್ಕೂ ಸೇರದವರನ್ನಾಗಿ ಮಾಡಿತು. 1964ರ ಸಿರಿಮಾವೊ–ಶಾಸ್ತ್ರಿ ಒಪ್ಪಂದದಲ್ಲಿ 5,25,000 ಜನರನ್ನು ಭಾರತ, 3,00,000 ಜನರನ್ನು ಸಿಲೋನ್ ತೆಗೆದುಕೊಳ್ಳಬೇಕೆಂದಾಯಿತು. ಹಾಗೆ ಬಂದ ಕುಟುಂಬಗಳಲ್ಲಿ ಕೆಲವು ಕರ್ನಾಟಕದ ಸುಳ್ಯ, ಪುತ್ತೂರು ಭಾಗದ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟಗಳಲ್ಲಿ ನೆಲೆ ಕಂಡವು. ಕಾನೂನಿನ ಒಂದು ಸಾಲು ತಪ್ಪಿದರೆ ಮಕ್ಕಳ ಪಾಡು ಏನಾಗುತ್ತದೆ ಎಂಬುದನ್ನು ಆ ತೋಟಗಳ ಲೈನ್‌ಮನೆಗಳಲ್ಲಿ ಈಗಲೂ ಕೇಳಿ ತಿಳಿಯಬಹುದು.

ಸಂವಿಧಾನ ತಾಯಿಗೆ ಕೊಟ್ಟ ಜಾಗವನ್ನು ಆರು ವರ್ಷದಲ್ಲಿ ಸಂಸತ್ತು ಹಿಂತೆಗೆದುಕೊಂಡಿತು. ಇದನ್ನು ಹೇಳುವಾಗ ನನಗೆ ಸಿಟ್ಟು ಬರುತ್ತದೆ. 1955ರ ಡಿಸೆಂಬರ್ 30ರಂದು ಬಂದ ಪೌರತ್ವ ಕಾಯ್ದೆಯ 4ನೆಯ ಕಲಮು ಹೊರದೇಶದಲ್ಲಿ ಹುಟ್ಟಿದವರದು. 1950ರ ಜನವರಿ 26ರ ನಂತರ ಭಾರತದ ಹೊರಗೆ ಹುಟ್ಟಿದ ಮಗು, ಹುಟ್ಟುವ ಹೊತ್ತಿಗೆ ಅದರ ತಂದೆ ಭಾರತದ ಪೌರನಾಗಿದ್ದರೆ, ವಂಶದಿಂದ ಪೌರ. ತಾಯಿಯ ಮಾತೇ ಇಲ್ಲ. 1914ರ ಬ್ರಿಟಿಷ್ ಕಾಯ್ದೆಯ ಚೌಕಟ್ಟನ್ನು ಎತ್ತಿ ತಂದು ಇಲ್ಲಿ ಕೂರಿಸಿದಂತಿದೆ. ತಂದೆಯೂ ವಂಶದಿಂದಷ್ಟೇ ಪೌರನಾಗಿದ್ದರೆ, ಎಂದರೆ ಅವನೂ ಹೊರಗೇ ಹುಟ್ಟಿದವನಾದರೆ, ಮಗುವಿನ ಜನನವನ್ನು ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟಿನಲ್ಲಿ ನೋಂದಾಯಿಸಬೇಕು, ಇಲ್ಲವೇ ತಂದೆ ಸರ್ಕಾರಿ ಸೇವೆಯಲ್ಲಿರಬೇಕು. 1922ರ ಆ ಒಂದು ವರ್ಷ ಹೀಗೆ ಸ್ವತಂತ್ರ ಭಾರತಕ್ಕೂ ಬಂತು.

ಮಲೆನಾಡಿನ ಹೆಣ್ಣುಮಗಳೊಬ್ಬಳು ಓದಿ, ದಾದಿಯಾಗಿಯೋ ವೈದ್ಯಳಾಗಿಯೋ ಇಂಗ್ಲೆಂಡಿಗೆ ಹೋಗಿ ಅಲ್ಲಿನವನನ್ನು ಮದುವೆಯಾದಳೆನ್ನಿ. ಅವಳು ತನ್ನ ಭಾರತೀಯ ಪೌರತ್ವವನ್ನು ಬಿಡದೆ ಉಳಿಸಿಕೊಂಡರೂ ಅವಳ ಹೊಟ್ಟೆಯಲ್ಲಿ ಹುಟ್ಟಿದ ಮಗುವಿಗೆ ಅದು ದಾಟುತ್ತಿರಲಿಲ್ಲ. ಅವಳ ತಮ್ಮ ಅಲ್ಲಿ ವಿದೇಶಿ ಹೆಣ್ಣನ್ನು ಮದುವೆಯಾದರೆ ಅವನ ಮಗು ಹುಟ್ಟುತ್ತಲೇ ಭಾರತೀಯ. ಅಕ್ಕ ಅರ್ಜಿ ಹಾಕಿ, ಅಪ್ರಾಪ್ತ ಮಕ್ಕಳ ನೋಂದಣಿಯ ಬೇರೆ ಕಲಮಿನ ಅಡಿ ಸರ್ಕಾರದ ಒಪ್ಪಿಗೆ ಕೇಳಬೇಕಿತ್ತು. ತಮ್ಮ ಏನೂ ಕೇಳಬೇಕಿರಲಿಲ್ಲ. ಒಂದೇ ತಾಯಿಯ ಮಕ್ಕಳಿಗೆ ಈ ತಾರತಮ್ಯ 37 ವರ್ಷ ನಡೆಯಿತು.

ಆ ನಡುವೆ ಇಲ್ಲಿನ ಹಳೆಯ ಗೆರೆ ಅಳಿಸಿತು. 1956ರ ನವೆಂಬರ್ 1ರಂದು ಧಾರವಾಡ, ಉತ್ತರ ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿ, ಸೊರಬದ ಬಡಗಣ ಅಂಚು ಬರೀ ಜಿಲ್ಲೆಯ ಗಡಿಯಾಯಿತು. ಬನವಾಸಿ ಮತ್ತೆ ನೆರೆಯೂರಾಯಿತು. ಹುಟ್ಟಿದ ನೆಲದ ಪ್ರಶ್ನೆ ಊರಿನ ಅಂಚು ಬಿಟ್ಟು ಸಮುದ್ರದಾಚೆಗೆ ಹೋಯಿತು.

ಹಾನಗಲ್ ದಾಟಿ ಸ್ವಲ್ಪ ಹೋದರೆ ಸಿಗುವ ಮುಂಡಗೋಡಿನಲ್ಲಿ ಇದರ ಇನ್ನೊಂದು ಮುಖವಿದೆ. 1966ರಲ್ಲಿ ಅಲ್ಲಿ ಟಿಬೆಟಿಯನ್ನರ ವಸಾಹತು ಆರಂಭವಾಯಿತು. ಅವರ ಮಕ್ಕಳು ಹುಟ್ಟಿದ್ದು ಕನ್ನಡ ನೆಲದಲ್ಲಿ, ತಂದೆತಾಯಿಗಳ ದೇಶ ನಕಾಶೆಯಲ್ಲಿ ಇಲ್ಲವಾಗಿತ್ತು. ಇಲ್ಲಿ ಹುಟ್ಟಿದವರೆಲ್ಲ ಪೌರರು ಎಂದಿದ್ದ ಕಾನೂನನ್ನು 1986ರಲ್ಲಿ ತಿದ್ದಿ, 1987ರ ಜುಲೈ 1ರಿಂದ ಹುಟ್ಟಿದವರಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಪೌರರಾಗಿರಬೇಕೆಂದು ಮಾಡಿದರು. ಅದಕ್ಕಿಂತ ಮುಂಚೆ, 1950ರ ಜನವರಿ 26ರ ನಂತರ ಭಾರತದಲ್ಲಿ ಹುಟ್ಟಿದ ಟಿಬೆಟಿಯನ್ನರು ಭಾರತದ ಪೌರರೇ ಎಂದು ಕರ್ನಾಟಕ ಹೈಕೋರ್ಟು 2013ರಲ್ಲಿ ತೀರ್ಪಿತ್ತಿತು. ಹುಟ್ಟಿದವರ ಹಕ್ಕನ್ನು ಸರ್ಕಾರ ತಾನಾಗಿ ಒಪ್ಪದೆ ನ್ಯಾಯಾಲಯದಿಂದ ಹೇಳಿಸಬೇಕಾಯಿತು ಎಂಬುದು ಇಲ್ಲಿ ಗಮನಿಸಬೇಕಾದದ್ದು.

ತಾಯಿಯ ಸರದಿ ಬಂದದ್ದು 1992ರಲ್ಲಿ. ಅಮೆರಿಕ ತಾಯಂದಿರಿಗೆ ಈ ಹಕ್ಕನ್ನು 1934ರಲ್ಲೇ ಕೊಟ್ಟಿತ್ತು. ಬ್ರಿಟನ್ ತನ್ನ ಹಳೆಯ ಕಾನೂನನ್ನು ಬಿಟ್ಟು 1983ರಿಂದ ಕೊಟ್ಟಿತು. ಮಹಿಳೆಯರ ಮೇಲಿನ ತಾರತಮ್ಯ ತೊಡೆಯುವ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1980ರಲ್ಲಿ ಸಹಿ ಹಾಕಿತ್ತು. ಮಕ್ಕಳ ರಾಷ್ಟ್ರೀಯತೆಯ ವಿಷಯದಲ್ಲಿ ತಾಯಿಗೂ ತಂದೆಯಷ್ಟೇ ಹಕ್ಕಿರಬೇಕೆಂದು ಅದರ 9ನೆಯ ವಿಧಿ ಹೇಳುತ್ತದೆ. 1992ರ ತಿದ್ದುಪಡಿ 4ನೆಯ ಕಲಮಿನಲ್ಲಿ ತಂದೆ ಎಂದಿದ್ದ ಕಡೆ ತಂದೆ ಅಥವಾ ತಾಯಿ ಎಂದು ಮಾಡಿತು. ಅದು ಅನ್ವಯವಾದದ್ದು ಆ ವರ್ಷದ ಡಿಸೆಂಬರ್ 10ರಿಂದ. ಹಿಂದಿನವರಿಗೆ ಅದು ತಾಕಲಿಲ್ಲ. ವಿದೇಶಿಯನ್ನು ಮದುವೆಯಾದ ಭಾರತೀಯ ಹೆಣ್ಣಿಗೆ ಆ ನವೆಂಬರ್‌ನಲ್ಲಿ ಹೊರದೇಶದಲ್ಲಿ ಹುಟ್ಟಿದ ಮಗು ವಂಶದಿಂದ ಭಾರತೀಯನಲ್ಲ, ಎರಡು ವರ್ಷ ಬಿಟ್ಟು ಹುಟ್ಟಿದ ತಂಗಿ ಭಾರತೀಯಳು. ವರದಾ ನದಿಯ ದಂಡೆಯ ಒಂದೇ ತೊಟ್ಟಿಲಿನ ಎರಡು ಗುರುತು ಲಂಡನ್ನಿನ ಮನೆಯಲ್ಲಿ ಮತ್ತೆ ಕಾಣಿಸಿತು.

ಹನ್ನೆರಡು ವರ್ಷಕ್ಕೆ ಇನ್ನೊಂದು ಬದಲಾವಣೆ ಬಂತು. 2003ರ ತಿದ್ದುಪಡಿ ಕಾಯ್ದೆಯ ಬಗ್ಗೆ ದೇಶದೊಳಗೆ ಚರ್ಚೆಯಾದದ್ದು ಅಕ್ರಮ ವಲಸೆ ಮತ್ತು ಪೌರರ ಪಟ್ಟಿಯ ವಿಷಯ. ಹೊರದೇಶದ ಮಕ್ಕಳ ಬಗ್ಗೆ ಅದರಲ್ಲಿದ್ದ ಅಂಶವನ್ನು ಗಮನಿಸಿದವರು ಕಡಿಮೆ. 2004ರ ಡಿಸೆಂಬರ್ 3ರಿಂದ ಹೊರದೇಶದಲ್ಲಿ ಹುಟ್ಟಿದ ಯಾವ ಮಗುವೂ, ತಂದೆತಾಯಿ ಇಬ್ಬರೂ ಭಾರತದಲ್ಲೇ ಹುಟ್ಟಿದ ಪೌರರಾಗಿದ್ದರೂ, ಒಂದು ವರ್ಷದೊಳಗೆ ಭಾರತದ ಕಾನ್ಸುಲೇಟಿನಲ್ಲಿ ಜನನ ನೋಂದಣಿಯಾಗದಿದ್ದರೆ ವಂಶದಿಂದ ಪೌರನಾಗುವುದಿಲ್ಲ. ವರ್ಷ ಮೀರಿದರೆ ಕೇಂದ್ರ ಸರ್ಕಾರದ ಅನುಮತಿ ಬೇಕು. ಮಗುವಿಗೆ ಬೇರೆ ದೇಶದ ಪಾಸ್‌ಪೋರ್ಟ್ ಇಲ್ಲವೆಂದು ತಂದೆತಾಯಿ ಬರೆದುಕೊಡಬೇಕು. ಮಗುವಿಗೆ ಬೇರೆ ದೇಶದ ಪೌರತ್ವವೂ ಇದ್ದರೆ, 18 ತುಂಬಿದ ಆರು ತಿಂಗಳೊಳಗೆ ಅದನ್ನು ಬಿಡಬೇಕು. ಬಿಡದಿದ್ದರೆ ಭಾರತದ ಪೌರತ್ವ ಹೋಗುತ್ತದೆ. 1922ರಲ್ಲಿ ದೂರದ ತಲೆಮಾರುಗಳಿಗೆ ಹಾಕಿದ್ದ ಷರತ್ತು ಈಗ ಮೊದಲ ತಲೆಮಾರಿಗೇ ಬಂತು.

ಇದರ ಭಾರ ಎಲ್ಲರ ಮೇಲೂ ಒಂದೇ ರೀತಿ ಬೀಳುವುದಿಲ್ಲ. ಅಮೆರಿಕದಲ್ಲಿ ಹುಟ್ಟಿದ ಮಗುವಿಗೆ 1868ರ ಹದಿನಾಲ್ಕನೆಯ ತಿದ್ದುಪಡಿಯಿಂದ ಅಲ್ಲಿನ ಪೌರತ್ವ ಸಿಗುತ್ತ ಬಂದಿದೆ. ಅಲ್ಲಿನ ನಮ್ಮ ಎಂಜಿನಿಯರುಗಳಲ್ಲಿ ಹೆಚ್ಚಿನವರು ಆ ಪಾಸ್‌ಪೋರ್ಟನ್ನೇ ತೆಗೆದುಕೊಂಡು ಮಗುವಿಗೆ ಭಾರತದ ಸಾಗರೋತ್ತರ ಪೌರ (ಓಸಿಐ) ಕಾರ್ಡು ಮಾಡಿಸುತ್ತಾರೆ. ಆ ನೆಲವೂ ಅಲುಗಿದೆ: ತಾತ್ಕಾಲಿಕ ವೀಸಾದವರ ಮಕ್ಕಳಿಗೆ ಹುಟ್ಟಿನಿಂದ ಪೌರತ್ವವಿಲ್ಲವೆಂದು 2025ರ ಜನವರಿ 20ರಂದು ಅಲ್ಲಿನ ಅಧ್ಯಕ್ಷರು ಆದೇಶ ಹೊರಡಿಸಿದರು, ಕೆಳಗಿನ ನ್ಯಾಯಾಲಯಗಳು ತಡೆದವು, ವ್ಯಾಜ್ಯ ಅಲ್ಲಿನ ಸುಪ್ರೀಂ ಕೋರ್ಟಿನವರೆಗೂ ಹೋಯಿತು.

ಕೊಲ್ಲಿ ದೇಶಗಳ ಮಾತೇ ಬೇರೆ. ಕುವೈತ್, ಸೌದಿ, ಕತಾರ್, ಎಮಿರೇಟ್ಸ್‌ಗಳಲ್ಲಿ ಪರದೇಶಿ ದಂಪತಿಗೆ ಹುಟ್ಟಿದ ಮಗುವಿಗೆ ಆ ನೆಲ ಏನನ್ನೂ ಕೊಡುವುದಿಲ್ಲ. ಶಿರಾಳಕೊಪ್ಪದಿಂದ ಕೊಲ್ಲಿಗೆ ದುಡಿಯಲು ಹೋದ ದಂಪತಿಯ ಮಗುವಿಗೆ ಭಾರತದ ಪೌರತ್ವ ಒಂದೇ ಗತಿ. ಕಾಗದಪತ್ರ ಸರಿಯಿರುವವರು ಪಾಸ್‌ಪೋರ್ಟಿಗೆಂದು ದೂತಾವಾಸಕ್ಕೆ ಹೋಗಿ ಜನನವನ್ನೂ ನೋಂದಾಯಿಸುತ್ತಾರೆ, ಅವರಿಗೆ ತೊಂದರೆಯಿಲ್ಲ. ಇಕಾಮಾ ಎಂಬ ವಾಸದ ಪರವಾನಗಿಯ ಅವಧಿ ಮುಗಿದವರು, ಮಾಲೀಕನ ಬಳಿ ಪಾಸ್‌ಪೋರ್ಟ್ ಸಿಕ್ಕಿಬಿದ್ದವರು, ಮದುವೆಯ ದಾಖಲೆ ಇಲ್ಲದವರು ಹೆದರಿ ಹಿಂದೆ ಉಳಿಯುತ್ತಾರೆ. 2023ರ ಏಪ್ರಿಲ್‌ನಲ್ಲಿ ಸುಡಾನಿನಲ್ಲಿ ಯುದ್ಧ ಹತ್ತಿದಾಗ ಶಿವಮೊಗ್ಗ, ದಾವಣಗೆರೆ, ಮೈಸೂರು ಜಿಲ್ಲೆಗಳ ಹಕ್ಕಿಪಿಕ್ಕಿ ಜನ ಅಲ್ಲಿ ಸಿಕ್ಕಿಕೊಂಡದ್ದು ಸುದ್ದಿಯಾಯಿತು. ಗಿಡಮೂಲಿಕೆ, ಎಣ್ಣೆ ಮಾರಲು ನಮ್ಮ ಪಕ್ಕದ ಕ್ಯಾಂಪುಗಳ ಜನ ಆಫ್ರಿಕದ ಒಳನಾಡುಗಳವರೆಗೂ ಹೋಗಿದ್ದಾರೆಂದು ಬಹಳ ಮಂದಿಗೆ ಗೊತ್ತಾದದ್ದೇ ಆಗ. ಅಂಥ ದಾರಿಯಲ್ಲಿ ಮಗು ಹುಟ್ಟಿದರೆ ಕಾನ್ಸುಲೇಟು ನೂರಾರು ಮೈಲಿ ದೂರ. ಕಾನೂನಿನ ಒಂದು ವರ್ಷ ಇಂಥ ಬಡವರನ್ನೇ ಮೊದಲು ಹಿಡಿಯುತ್ತದೆ.

ಓಸಿಐ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಆ ಯೋಜನೆ 2005ರ ತಿದ್ದುಪಡಿಯಿಂದ ಗಟ್ಟಿಯಾಯಿತು, ಮೊದಲ ಕಾರ್ಡುಗಳನ್ನು ಕೊಟ್ಟದ್ದು 2006ರ ಜನವರಿಯಲ್ಲಿ ಹೈದರಾಬಾದಿನ ಪ್ರವಾಸಿ ಭಾರತೀಯ ದಿವಸದಲ್ಲಿ. ಬಂದು ಹೋಗಲು, ಇರಲು, ಕೆಲಸ ಮಾಡಲು ಅದು ಒಳ್ಳೆಯದೇ. ಆದರೆ ಅದು ಪೌರತ್ವವಲ್ಲ. ಮತ ಇಲ್ಲ. ಕೃಷಿ ಜಮೀನು, ತೋಟ ಕೊಳ್ಳುವಂತಿಲ್ಲ. ಹಿರಿಯರಿಂದ ವಾರಸಾಗಿ ಬಂದರೆ ಇಟ್ಟುಕೊಳ್ಳಬಹುದು. ಸೊರಬದ ಅಡಿಕೆ ತೋಟದವರಿಗೂ ಶಿಕಾರಿಪುರದ ಗದ್ದೆಯವರಿಗೂ ಇದು ಸಣ್ಣ ವಿಷಯವಲ್ಲ. ಮೊಮ್ಮಗ ವಾಪಸು ಬಂದು ಪಕ್ಕದ ಎರಡು ಎಕರೆ ಸೇರಿಸಿಕೊಂಡು ತೋಟ ಮಾಡುತ್ತೇನೆಂದರೆ ಅವನ ಹೆಸರಿಗೆ ಕ್ರಯಪತ್ರ ಆಗುವುದಿಲ್ಲ.

8ನೆಯ ವಿಧಿಯ ಅಜ್ಜಿಯ ಬಾಗಿಲೂ ಈಗ ಮುಚ್ಚಿದೆ. ಸಿಂಗಪುರದಲ್ಲಿ 1999ರಲ್ಲಿ ಹುಟ್ಟಿದ ಯುವಕನೊಬ್ಬ, ಅವನು ಹುಟ್ಟುವ ಮುಂಚೆಯೇ ಸಿಂಗಪುರದ ಪೌರರಾಗಿದ್ದ ತಂದೆತಾಯಿಯ ಮಗ, ತನ್ನ ಅಜ್ಜ ಅಜ್ಜಿಯರು ಅವಿಭಜಿತ ಭಾರತದಲ್ಲಿ ಹುಟ್ಟಿದವರೆಂದು ಆ ವಿಧಿಯನ್ನೂ ಹಿಡಿದು ಪೌರತ್ವ ಕೇಳಿದ. ಮದ್ರಾಸ್ ಹೈಕೋರ್ಟಿನಲ್ಲಿ ಗೆದ್ದ. 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಸಂವಿಧಾನ ಬಂದ ಎಷ್ಟೋ ವರ್ಷದ ಮೇಲೆ ಹೊರಗೆ ಹುಟ್ಟಿದವರು 8ನೆಯ ವಿಧಿಯನ್ನು ಹಿಡಿಯಲಾಗದು ಎಂದಿತು. ಕಾನೂನಿನ ದೃಷ್ಟಿಯಿಂದ ತೀರ್ಪಿನಲ್ಲಿ ಹುರುಳಿದೆ. ಆ ವಿಧಿ ಗಣರಾಜ್ಯದ ಆರಂಭದ ಹೊತ್ತಿಗೆ ಬರೆದದ್ದು. ಹಾಗಾಗಿ ಇವತ್ತು ಹೊರಗೆ ಹುಟ್ಟುವ ಮಗುವಿಗೆ ವಂಶದ ದಾರಿ ಎಂದರೆ 4ನೆಯ ಕಲಮು, ಅದರ ಒಂದು ವರ್ಷ.

ನನ್ನ ಮಟ್ಟಿಗೆ ಆ ಒಂದು ವರ್ಷದ ಷರತ್ತು ತಪ್ಪು. ನೋಂದಣಿ ಬೇಕು, ಅದರಲ್ಲಿ ಅನುಮಾನವಿಲ್ಲ. ಆದರೆ ತಂದೆತಾಯಿ ತಡಮಾಡಿದ್ದಕ್ಕೆ, ಹೆದರಿದ್ದಕ್ಕೆ, ಬಡವರಾಗಿದ್ದಕ್ಕೆ ಮಗುವಿನ ದೇಶವನ್ನು ಕಿತ್ತುಕೊಳ್ಳಬಾರದು. ತಡವಾದ ನೋಂದಣಿಗೆ ದೆಹಲಿಯ ಅನುಮತಿ ಕಾಯುವ ಬದಲು ಕಾನ್ಸುಲೇಟಿಗೇ ಆ ಅಧಿಕಾರ ಕೊಡಬಹುದು. ಬೇರೆ ಯಾವ ಪೌರತ್ವವೂ ಸಿಗದ ಮಗುವಿಗೆ ಕಾಲಮಿತಿಯೇ ಇರಬಾರದು. ಕರ್ನಾಟಕದಿಂದ ಆಯ್ಕೆಯಾಗಿ ಹೋದ ಸಂಸದರು ಇದನ್ನು ಕೇಳಬೇಕು.

ಕಾನೂನು ಬದಲಾಗುವವರೆಗೆ ಕಾಯುತ್ತ ಕೂರುವಂತಿಲ್ಲ. ಶಿಕಾರಿಪುರದಲ್ಲೋ ಸೊರಬದಲ್ಲೋ ಇದನ್ನು ಓದುತ್ತಿರುವ ಹಿರಿಯರಲ್ಲಿ ನನ್ನದೊಂದು ಕೋರಿಕೆ. ಹೊರದೇಶದಲ್ಲಿರುವ ಮಗಳಿಗೋ ಸೊಸೆಗೋ ಹೆರಿಗೆಯಾದ ಸುದ್ದಿ ಬಂದಾಗ ಹೆಸರಿಡುವ ದಿನ ಕೇಳುವ ಜೊತೆಗೆ ಮಗುವಿನ ಜನನವನ್ನು ಭಾರತದ ಕಾನ್ಸುಲೇಟಿನಲ್ಲಿ ನೋಂದಾಯಿಸಿದಿರಾ ಎಂದೂ ಕೇಳಿ. ಮದುವೆಯ ನೋಂದಣಿ ಪತ್ರ, ಇಬ್ಬರ ಜನನ ದಾಖಲೆಗಳು ಊರಿನಲ್ಲೇ ಉಳಿದಿದ್ದರೆ ತೆಗೆದು ಕಳಿಸಿಕೊಡಿ. ವರ್ಷ ಆಗಲೇ ಮೀರಿದ್ದರೆ ಕೈಚೆಲ್ಲಬೇಡಿ. ಕಾನ್ಸುಲೇಟಿನ ಮೂಲಕ ಕೇಂದ್ರ ಸರ್ಕಾರದ ಅನುಮತಿಗೆ ಅರ್ಜಿ ಹಾಕಲು ಕಾಯ್ದೆಯಲ್ಲೇ ಅವಕಾಶವಿದೆ.